ಬೋರಿಂಗ್ ನೀರಿನ ಹಲ್ಲು

ಈ ಹೊತ್ತು ನಳ ಬಂತು. ಅಫಜಲಪುರದಲ್ಲಿ ನಳ ಬರುವ ದಿನ ಓಣಿಯಲ್ಲಿ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡುವುದಿಲ್ಲ. ಎಲ್ಲರ ಕಿವಿಯೂ ತಮ್ಮ ತಮ್ಮ ಕೊಡದ ಮೇಲೆ. ಭೀಮಾ ನದಿಗೆ ಹೊಸ ನೀರು ಬಂದಿರಬೇಕು, ಮೊದಲ ಕೊಡದಲ್ಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಪಕ್ಕದ ಮನೆಯ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಟೀಚರ್, ಇದೇನ್ರಿ ಇಷ್ಟು ವಾಸನಿ? ಕುಡಿಯಾಕ ನಡೀತದೇನ್ರಿ?" ಎಂದು ಕೇಳಿದಳು. ನಾನು ನಿವೃತ್ತಳಾದರೂ ಓಣಿಯ ಪಾಲಿಗೆ ಇನ್ನೂ ವಿಜ್ಞಾನದ ಟೀಚರೇ. "ಏನಾಗಂಗಿಲ್ಲ ತಾಯಿ, ಕ್ಲೋರಿನ್ ಅದು. ಜರಾ ಹೊತ್ತು ಮುಚ್ಚಲಾರದೆ ಇಡು, ವಾಸನಿ ಹೋಗ್ತದ" ಎಂದು ನಕ್ಕೆ. ನಗುವ ಮೊದಲೇ ಎಡಗೈ ಎದ್ದು ಬಂದು ಬಾಯಿಗೆ ಅಡ್ಡ ನಿಂತಿತ್ತು. ಅವಳು ಅದನ್ನು ಗಮನಿಸಲಿಲ್ಲ. ಓಣಿಯವರು ಅದನ್ನು ನನ್ನ ಮರ್ಯಾದೆ ಎಂದುಕೊಂಡು ಬಹಳ ಕಾಲವಾಯಿತು.

ಮರ್ಯಾದೆಯೂ ಅಲ್ಲ, ಮಣ್ಣೂ ಅಲ್ಲ. ನನ್ನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಭೂಸನೂರ ಕಡೆಯ ಗಾಣಗಳಲ್ಲಿ ಬೆಲ್ಲ ಇಳಿಸಿದ ಮೇಲೆ ಕೊಪ್ಪರಿಗೆಯ ಅಂಚಿಗೆ ಒಂದು ಬಣ್ಣ ಅಂಟಿಕೊಂಡಿರುತ್ತದಲ್ಲ, ಹೆಚ್ಚುಕಡಿಮೆ ಅದೇ ಬಣ್ಣ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ತಿಕ್ಕಿದವರಿಗೆ ಗೊತ್ತು.

ಕ್ಲೋರಿನ್ನಿನ ವಾಸನೆ ಬಂದರೆ ನನಗೆ ಅದರ ಅಕ್ಕ ನೆನಪಾಗುತ್ತಾಳೆ. ಹತ್ತನೇ ತರಗತಿಗೆ ಆವರ್ತ ಕೋಷ್ಟಕ ಕಲಿಸುತ್ತ ಹ್ಯಾಲೊಜನ್ ಗುಂಪಿಗೆ ಬಂದಾಗ ನಾನು ಅವನ್ನು ಅಕ್ಕತಂಗಿಯರೆಂದೇ ಪರಿಚಯಿಸುತ್ತಿದ್ದೆ. ಹಿರಿಯಳು ಫ್ಲೋರಿನ್, ಮಹಾ ಸಿಟ್ಟಿನವಳು, ಗಾಜಿನ ಬಾಟಲಿಯಲ್ಲೂ ಸುಮ್ಮನೆ ಕೂರುವವಳಲ್ಲ. ಅವಳ ಬೆನ್ನಿಗೆ ಕ್ಲೋರಿನ್, ಊರ ನೀರು ಕಾಯುವವಳು. ಮೂರನೆಯವಳು ಬ್ರೋಮಿನ್, ಪಾಠದಲ್ಲಿ ಕೆಂಪು ಕಂದು ದ್ರವ ಎಂದು ಬರೆದಿರುತ್ತದೆ, ನಮ್ಮ ಶಾಲೆಯ ಕಪಾಟಿಗೆ ಅವಳು ಎಂದೂ ಬರಲಿಲ್ಲ. ಅಯೊಡಿನ್ ಪಾಪದವಳು, ಉಪ್ಪಿನ ಪಾಕೀಟಿನಲ್ಲೂ ಇರುತ್ತಾಳೆ, ಗಾಯಕ್ಕೂ ಬರುತ್ತಾಳೆ. ಕೊನೆಯವಳು ಅಸ್ಟಟೈನ್, ಕಣ್ಣಿಗೆ ಕಾಣುವಷ್ಟು ಅವಳು ಯಾರಿಗೂ ಸಿಕ್ಕಿಲ್ಲ. ಈಚೆಗೆ ಇನ್ನೊಬ್ಬಳನ್ನೂ ಮನೆಗೆ ಸೇರಿಸಿಕೊಂಡಿದ್ದಾರಂತೆ. ಅವಳ ಪರಿಚಯ ನನಗಿಲ್ಲ.

"ಇವರೆಲ್ಲರಿಗೂ ಒಂದೇ ಒಂದು ಎಲೆಕ್ಟ್ರಾನ್ ಕಡಿಮೆ. ಅದಕ್ಕಾಗಿ ಇವರು ನಿಸರ್ಗದಲ್ಲಿ ಒಂಟಿಯಾಗಿ ಸಿಗುವುದಿಲ್ಲ, ಯಾರನ್ನಾದರೂ ಕೂಡಿಕೊಂಡೇ ಇರುತ್ತಾರೆ" ಎಂದು ಹೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯರು ಪ್ರತಿ ವರ್ಷವೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮದುವೆಯಾಗದ ಟೀಚರ್ ಈ ಮಾತನ್ನು ಹೇಳಿದರೆ ಯಾರಿಗಾದರೂ ನಗು ಬರುತ್ತದೆ. ನಾನು ಕರಿಹಲಗೆಯ ಕಡೆ ತಿರುಗಿ ಏನಾದರೂ ಬರೆಯುತ್ತಿದ್ದೆ. "ಮೇಡಮ್, ಫ್ಲೋರಿನ್ ತೋರಿಸ್ರಿ" ಎಂದು ಯಾರಾದರೂ ಕೇಳಿದರೆ, "ಅದನ್ನ ಇಡಾಕ ಬಾಟ್ಲಿ ಇಲ್ಲಪ್ಪ" ಎನ್ನುತ್ತಿದ್ದೆ, ಕೈ ಬಾಯಿಗೆ ಅಡ್ಡ ಹಿಡಿದು. ಬಾಟಲಿ ಅವರ ಮುಂದೆಯೇ ನಿಂತಿತ್ತು ಎನ್ನುವುದನ್ನು ಹೇಳಲಿಲ್ಲ.

ನನ್ನ ಊರು ಆಳಂದ ತಾಲೂಕಿನಲ್ಲಿ, ಜಿಡಗಾಕ್ಕೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ. ಹೆಸರು ಹೇಳುವುದಿಲ್ಲ, ಅಲ್ಲಿ ಇನ್ನೂ ಮದುವೆ ಮಾಡಿ ಕೊಡಬೇಕಾದ ಹೆಣ್ಣುಮಕ್ಕಳಿದ್ದಾರೆ. ನಾವು ಹಾಲುಹಲ್ಲಿನ ಮಕ್ಕಳಾಗಿದ್ದಾಗ ಊರಿಗೆ ಬೋರಿಂಗ್ ಬಂತು. ನಮ್ಮ ಕಡೆ ಕೈಪಂಪಿಗೆ ಹಾಗೆನ್ನುತ್ತಾರೆ. ಬಾವಿ ಬತ್ತಿ ಹೋಗಿದ್ದ ಕಾಲ. ಭೂಮಿಯ ಹೊಟ್ಟೆಯಿಂದ ತಣ್ಣಗಿನ, ತಿಳಿಯಾದ ನೀರು ದಬದಬ ಬಿದ್ದಾಗ ಹಿರಿಯರು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಮೊದಲ ನೀರು ಮಕ್ಕಳಿಗೆ ಕುಡಿಸಿದರು. ಪ್ರೀತಿಯಿಂದಲೇ ಕುಡಿಸಿದರು. ನಾನೂ ಪಕ್ಕದ ಮನೆಯ ಜಗದೇವಿಯೂ ಬೊಗಸೆಗೆ ಬೊಗಸೆ ಹಚ್ಚಿ ಕುಡಿದೆವಂತೆ, ನಮ್ಮವ್ವ ಹೇಳುತ್ತಿದ್ದಳು.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ನಮ್ಮ ವಾರಿಗೆಯ ಮಕ್ಕಳೆಲ್ಲರ ಬಾಯಲ್ಲೂ ಕಂದು ಪಟ್ಟೆ. ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಫ್ಲೋರಿನ್ ಹೆಚ್ಚಿದ ನೀರು ಕುಡಿದರೆ ಹೀಗಾಗುತ್ತದೆ. ಆಗಲೇ ಹಲ್ಲು ಗಟ್ಟಿಯಾದ ದೊಡ್ಡವರಿಗೆ ಕಲೆ ಬೀಳುವುದಿಲ್ಲ. ಇದು ಯಾರಿಗೆ ಗೊತ್ತಿತ್ತು? ಅದೇ ನೀರು ಕುಡಿಯುವ ಅವ್ವನ ಹಲ್ಲು ಜೋಳದ ಕಾಳಿನಂತೆ ಬೆಳ್ಳಗಿತ್ತು. ಅಂದ ಮೇಲೆ ನೀರಿನ ತಪ್ಪಲ್ಲ, ಮಕ್ಕಳದೇ ತಪ್ಪು, ಹಲ್ಲು ತಿಕ್ಕುವುದಿಲ್ಲ ಎಂದು ಊರೇ ತೀರ್ಮಾನ ಮಾಡಿತು. ಬೂದಿ ಬಂತು, ಉಪ್ಪು ಬಂತು, ಕಡೆಗೆ ಇಟ್ಟಂಗಿ ಪುಡಿ ಬಂತು. ಮುಂಜಾನೆ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಒಲ್ಲೆನೆಂದರೆ ಎರಡೇಟು ಹಾಕಿ, ಒಸಡಿನಿಂದ ರಕ್ತ ಬರುವವರೆಗೂ ತಿಕ್ಕುತ್ತಿದ್ದರು. ತಿಕ್ಕಿದ ಮೇಲೆ ಬಾಯಿ ತೊಳೆಯಲು ಮತ್ತೆ ಅದೇ ಬೋರಿಂಗ್ ನೀರು.

ಕಲಬುರಗಿಗೆ ಕಾಲೇಜು ಓದಲು ಹೋದಾಗ ಹ್ಯಾಲೊಜನ್ ಪಾಠದ ನಡುವೆ ಕಾರಣ ತಿಳಿಯಿತು. ಎದೆ ಹಗುರಾಯಿತು, ಓಡಿ ಊರಿಗೆ ಬಂದೆ. ಅವ್ವನಿಗೆ ಹೇಳಿದರೆ ಅವಳು, "ಹಂಗಾದ್ರ ನಾ ನಿನ್ನ ಸುಳ್ಳೇ ಬಡದೆನೇನು?" ಎಂದು ಕಣ್ಣೊರೆಸಿಕೊಂಡಳು. ಜಗದೇವಿಗೆ ಹೇಳಿದೆ. ಅವಳ ಉತ್ತರ ಬೇರೆಯೇ.

"ಇದು ಹೊಲಸಲ್ಲ ಬೇ, ಫ್ಲೋರಿನ್."

"ಹೆಸರ ಗೊತ್ತಾದ್ರ ಹೋಗ್ತದೇನು?"

"ಇಲ್ಲ."

"ಮತ್ತ ಆ ಹೆಸರ ಕಟ್ಕೊಂಡು ನಾ ಏನ್ ಮಾಡ್ಲಿ?" ಎಂದು ಎಲ್ಲ ಹಲ್ಲೂ ಕಾಣುವ ಹಾಗೆ ನಕ್ಕಳು.

ಜಗದೇವಿಯ ನಗುವಿನ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಬೋರಿಂಗಿನ ಹಿಡಿಕೆಗೆ ಇಬ್ಬರೂ ಜೋತುಬಿದ್ದು ನೀರು ಜಗ್ಗುವಾಗ ಅವಳು ಯಾರದಾದರೂ ನಡಿಗೆಯನ್ನೋ ಕೆಮ್ಮನ್ನೋ ಅಣಕಿಸುತ್ತಿದ್ದಳು. ನಗುತ್ತ ನಗುತ್ತ ಕೈ ಸೋತು ಹಿಡಿಕೆ ಮೇಲಕ್ಕೆ ಹಾರುತ್ತಿತ್ತು. ಅವಳ ಮುಂದೆ ನನ್ನ ಕೈ ಬಾಯಿಗೆ ಹೋಗಿದ್ದು ನೆನಪಿಲ್ಲ. ಇಬ್ಬರ ಬಾಯಲ್ಲೂ ಅದೇ ಪಟ್ಟೆ, ಯಾರು ಯಾರಿಗೆ ಮುಚ್ಚಬೇಕು?

ಮುಚ್ಚಬೇಕಾದ ದಿನಗಳು ಕನ್ಯೆ ನೋಡಲು ಬರುವವರಿಂದ ಶುರುವಾದವು. ನಮ್ಮೂರ ಹೆಣ್ಣುಗಳ ಹಲ್ಲಿನ ಸುದ್ದಿ ಸುತ್ತ ಹರಡಿತ್ತಾದ್ದರಿಂದ ಗಂಡಿನ ಕಡೆಯವರು ಜೊತೆಗೆ ಒಬ್ಬ ಮಾತುಗಾತಿ ಅತ್ತೆಯನ್ನು ಕರೆತರುತ್ತಿದ್ದರು. ಅವಳ ಕೆಲಸ ಹುಡುಗಿಯನ್ನು ನಗಿಸುವುದು. ಕೂತಲ್ಲಿ ಕೂತು, ಚಹಾ ಕುಡಿಯುತ್ತ, ಏನೂ ಅರಿಯದವಳ ಹಾಗೆ ಒಂದು ಮಾತು ಬಿಡುತ್ತಿದ್ದಳು. ಹುಡುಗಿ ನಕ್ಕರೆ ಹಲ್ಲು ಕಾಣಬೇಕು. ನನ್ನನ್ನು ನೋಡಲು ಬಂದವರ ಅತ್ತೆ ಅಂದ ಮಾತು ಇನ್ನೂ ನೆನಪಿದೆ: "ನಮ್ಮ ಮನಿಯವ್ರ ಕಣ್ಣಿಂದು ಏನ್ ಹೇಳ್ಲೆವ್ವಾ. ಚಸ್ಮಾ ಹಾಕ್ಕೊಂಡ್ರ ನಾ ಕಾಣ್ತೇನಿ. ತೆಗದ್ರ ನಾ ಚಂದ ಕಾಣ್ತೇನಿ."

ಅವ್ವ ಮೊದಲೇ ತಾಲೀಮು ಕೊಟ್ಟಿದ್ದಳು: ನಗು ಬಂದರೆ ಸತ್ತುಹೋದ ಅಜ್ಜನನ್ನು, ಮುತ್ಯಾನನ್ನು, ನೆನೆದುಕೋ. ನೆನೆದುಕೊಂಡೆ. ನಮ್ಮ ಮುತ್ಯಾ ಬದುಕಿದ್ದಾಗ ಊರನ್ನೇ ನಗಿಸುತ್ತಿದ್ದ ಮನುಷ್ಯ. ಅವನ ಮುಖ ಕಣ್ಮುಂದೆ ಬಂದದ್ದೇ ತಡ, ತಡೆದಿಟ್ಟ ನಗುವೆಲ್ಲ ಒಮ್ಮೆಲೇ ಉಕ್ಕಿತು. ಅತ್ತೆ ನೋಡಬೇಕಾದ್ದನ್ನು ನೋಡಿ ಬಟ್ಟಲು ಕೆಳಗಿಟ್ಟಳು. ಆಮೇಲೆಯೂ ಕೆಲವರು ಬಂದರು, ಚಹಾ ಕುಡಿದರು, ಹೋದರು. ನನಗೆ ನೌಕರಿ ಸಿಕ್ಕಿತು. ಮದುವೆಯ ಮಾತು ನಿಧಾನಕ್ಕೆ ನಿಂತಿತು. ಅತ್ತಿದ್ದೆನೇ ಎಂದು ಕೇಳಬೇಡಿ. ಅತ್ತಿದ್ದೆ.

ಜಗದೇವಿ ಮಾತ್ರ ಗೆದ್ದಳು. ಅವಳನ್ನು ನೋಡಲು ಯಡ್ರಾಮಿ ಕಡೆಯವರು ಬಂದಾಗ, ಅವರ ಅತ್ತೆ ಎಷ್ಟು ಹೇಳಿದರೂ ತುಟಿ ಅಲ್ಲಾಡಿಸಲಿಲ್ಲ. "ಹುಡುಗಿ ಭಾಳ ಗಂಭೀರ ಅದಾಳ" ಎಂದು ಮೆಚ್ಚಿಕೊಂಡು ಹೋದರು. ಊರಲ್ಲೇ ಅತಿ ನಗುವ ಹುಡುಗಿ ಗಂಭೀರಳೆಂದು ಆಯ್ಕೆಯಾದಳು, ಮತ್ತು ಆ ಮನೆಯಲ್ಲಿ ಗಂಭೀರ ಸೊಸೆಯಾಗಿಯೇ ಬಾಳಿದಳು. ಗಂಡನಿಗೆ ಹಲ್ಲಿನ ವಿಷಯ ಬೇಗನೇ ಗೊತ್ತಾಯಿತಂತೆ, ಅವನು ಒಳ್ಳೆಯವನು, ಏನೂ ಅನ್ನಲಿಲ್ಲ. ಆದರೆ ಒಮ್ಮೆ ಬಿದ್ದ ಹೆಸರು ಬಿತ್ತು. ನಗುವನ್ನೆಲ್ಲ ಕಟ್ಟಿಟ್ಟುಕೊಂಡು ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ತವರಿಗೆ ಬರುತ್ತಿದ್ದಳು. ನಾನೂ ರಜೆ ಹಾಕಿ ಹೋಗುತ್ತಿದ್ದೆ. ಜೋಕಾಲಿಯ ಹಗ್ಗ ಹಿಡಿದು ಇಬ್ಬರೂ ನಕ್ಕಿದ್ದೇ ನಕ್ಕಿದ್ದು; ಅವ್ವಂದಿರು ಅಡುಗೆಮನೆಯಿಂದಲೇ "ಸಾಕ್ರೇ" ಎಂದು ಕೂಗುತ್ತಿದ್ದರು.

ಉಳಿದ ದಿನಗಳಲ್ಲಿ ನಾನು ಈ ನದಿ ದಂಡೆಯ ಊರಲ್ಲಿ. ಇಲ್ಲಿಯವರ ಹಲ್ಲು ಬಿಳಿ. ಬಸ್‌ಸ್ಟ್ಯಾಂಡಿನಲ್ಲಿ ಎಂದಾದರೂ ಕಂದು ಹಲ್ಲಿನ ಅಪರಿಚಿತರು ಸಿಕ್ಕರೆ, ಅವರು ನನ್ನ ಬಾಯಿ ನೋಡಿ, "ಯಾವ ಬೋರಿಂಗ್ ನೀರ್ರಿ ನಿಮ್ದು?" ಎಂದು ಕೇಳುತ್ತಿದ್ದರು. ನಮ್ಮವರು ಊರು ಕೇಳುವ ರೀತಿ ಇದು. ನಾಲ್ಕು ಮಾತಾಡಿ, ಇಬ್ಬರೂ ಕೈ ಅಡ್ಡ ಇಡದೆ ನಕ್ಕು, ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು. ಆಮೇಲೆ ನಮ್ಮೂರಿಗೆ ದೂರದ ಕೆರೆಯ ನೀರು ಪೈಪಿನಲ್ಲಿ ಬಂತು, ಬೋರಿಂಗಿನ ಹಿಡಿಕೆ ತುಕ್ಕು ಹಿಡಿಯಿತು. ಹೊಸ ಮಕ್ಕಳ ಹಲ್ಲು ಬೆಳ್ಳಗೆ ಬಂದವು. ಒಳ್ಳೆಯದೇ ಆಯಿತು. ಆದರೆ ಆ ಪ್ರಶ್ನೆ ಕೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು, ಮತ್ತು ನನಗೆ ಆ ಒಳ್ಳೆಯದರ ನಡುವೆಯೂ ಸಂಕಟವಾಗುತ್ತಿತ್ತು.

ಜಗದೇವಿಯ ಮಗಳು ಮದುವೆಯ ವಯಸ್ಸಿಗೆ ಬಂದಾಗ ಆ ಸಂಕಟ ಮನೆಯೊಳಗೇ ಬಂತು. ಮಗಳ ಹಲ್ಲು ಚೆನ್ನಾಗಿಯೇ ಇತ್ತು. ಆದರೆ ತಾಯಿಯ ಬಾಯಿ ನೋಡಿ ಬೀಗರು ಸಂಶಯ ಪಟ್ಟರೆ? ಜಗದೇವಿ ಕಲಬುರಗಿಗೆ ಹೋಗಿ, ಆಗಲೇ ಟೊಳ್ಳಾಗತೊಡಗಿದ್ದ ಹಲ್ಲುಗಳನ್ನೆಲ್ಲ ಕೀಳಿಸಿ ಸೆಟ್ ಹಾಕಿಸಿಕೊಂಡಳು. ನನಗೆ ಇದು ಗೊತ್ತಿರಲಿಲ್ಲ. ಜೇವರ್ಗಿಯ ಕಲ್ಯಾಣ ಮಂಟಪದಲ್ಲಿ ಎದುರಿಗೆ ಬಂದು ನಕ್ಕವಳ ಮುಖ ಪರಿಚಯದ್ದು, ಬಾಯಿ ಯಾರದ್ದೋ. ನಾನು ಮಾತಾಡುವ ಮೊದಲೇ ಕೈ ಹಿಡಿದು ಉಗ್ರಾಣದ ಕಡೆ ಎಳೆದೊಯ್ದಳು.

"ಸಿಟ್ಟ ಆಗಬ್ಯಾಡ ಬೇ. ಬೀಗರು ಭಾಳ ತಕರಾರಿನ ಮಂದಿ. ನೀ ಅಫಜಲಪುರದಾಕಿ ಅಂತ ಹೇಳೇನಿ. ನಮ್ಮಿಬ್ಬರದೂ ಒಂದೇ ಊರು ಅಂತ ಎಲ್ಲಿಯೂ ಅನಬ್ಯಾಡ. ಜರಾ... ನಗಬ್ಯಾಡ."

ಸಿಟ್ಟಾಗುವುದಿಲ್ಲ ಎಂದೆ. ಬೀಗಿತ್ತಿ ಬಂದು ಯಾವೂರೆಂದು ಕೇಳಿದಾಗ ಅಫಜಲಪುರ್ರಿ ಎಂದೆ. ಹೋಳಿಗೆ ಊಟ ಮಾಡಿ, ಅಕ್ಷತೆ ಹಾಕಿ, ಸಿಕ್ಕ ಬಸ್ಸು ಹತ್ತಿದೆ. ಸಿಟ್ಟು ಬಂದಿತ್ತು, ಬೇಕಾದಷ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂದಿತ್ತು. ನನಗೆ ಬಿಳಿ ಹಲ್ಲಿನ ಆಸೆ ಯಾವಾಗಲೋ ಹೋಗಿತ್ತು; ಬೇಕಾಗಿದ್ದದ್ದು ಬಾಯಿ ಮುಚ್ಚದೆ ನಗಲು ಒಬ್ಬರು. ಇದ್ದವಳು ಅವಳೊಬ್ಬಳೇ. ಅವಳೇ ನಗಬೇಡ ಎಂದ ಮೇಲೆ ಇನ್ನು ಯಾರ ಹತ್ತಿರ ಹೋಗುವುದು?

ಆಮೇಲೆ ನಾನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಅವಳ ಅವ್ವ ತೀರಿಕೊಂಡ ಮೇಲೆ ಪಂಚಮಿಗೆ ಬರುವುದೂ ನಿಂತಿತು. ವರ್ಷಗಳು ಹೋದವು. ಒಬ್ಬಳೇ ಇರುವ ಮನೆಯಲ್ಲಿ ಬಾಯಿಗೆ ಕೈ ಅಡ್ಡ ಇಡುವ ಅಗತ್ಯವೇ ಇಲ್ಲ, ಆದರೆ ನಗುವಂಥದ್ದೂ ಏನೂ ನಡೆಯುವುದಿಲ್ಲ. ಟಿ.ವಿ.ಯಲ್ಲಿ ಹಾಸ್ಯದ ಕಾರ್ಯಕ್ರಮ ಬಂದರೆ ನೋಡುತ್ತೇನೆ. ನಗು ಬರುತ್ತದೆ, ಹೊರಗೆ ಬರುವುದಿಲ್ಲ. ನಿವೃತ್ತಿಯಾದ ಮೇಲೆ ಹಲ್ಲು ನೋವು ಹೆಚ್ಚಾಯಿತು. ಡಾಕ್ಟರು, ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳ ಹಾಗಿರುವ ಹುಡುಗಿ, "ಎಲ್ಲಾ ತೆಗದು ಸೆಟ್ ಕೂಡಿಸಿಬಿಡೋಣ್ರಿ ಮೇಡಮ್, ಚಂದ ಕಾಣ್ತೀರಿ" ಎಂದಳು. ಆಗಲಿ ಎಂದು ಬಂದೆ. ಯಾರಿಗಾಗಿ ಉಳಿಸಿಕೊಳ್ಳಬೇಕಿತ್ತು?

ಹೋದ ಹುಣ್ಣಿಮೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಜಗದೇವಿ. ಗಾಣಗಾಪುರಕ್ಕೆ ದರ್ಶನಕ್ಕೆ ಬಂದವಳು ಜೊತೆಯವರನ್ನು ಅಲ್ಲಿಯೇ ಬಿಟ್ಟು ಬಂದಿದ್ದಳು. ಬರ್ರಿ ಎಂದೆ. ಎಂದೂ ಅವಳಿಗೆ ಬಹುವಚನ ಹಚ್ಚಿದವಳಲ್ಲ ನಾನು. ಅವಳ ಮುಖ ಸಣ್ಣದಾಯಿತು. ನೀರು ಕೊಟ್ಟೆ, ಚಹಾ ಕೊಟ್ಟೆ, ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಮೊಮ್ಮಗ ಶಾಲೆಗೆ ಹೋಗುತ್ತಾನೆ ಎಂದಳು. ಇಬ್ಬರೂ ಫ್ಯಾನು ನೋಡುತ್ತ ಕೂತೆವು.

ಊಟಕ್ಕೆ ಬಡಿಸಿದಾಗ ಅವಳು ರೊಟ್ಟಿಯ ಕಡೆಯೂ ನನ್ನ ಕಡೆಯೂ ನೋಡಿ, "ಇದನ್ನ ಇಟ್ಕೊಂಡು ರೊಟ್ಟಿ ತಿನ್ನಾಕ ಆಗಂಗಿಲ್ಲ ಬೇ, ನೀ ಏನೂ ಅನ್ಕೋಬ್ಯಾಡ" ಎಂದು, ಬಾಯಿಂದ ಎರಡೂ ಸಾಲು ಹಲ್ಲು ತೆಗೆದು ನೀರಿನ ಬಟ್ಟಲಿಗೆ ಹಾಕಿದಳು. ಕೆನ್ನೆ ಒಳಕ್ಕೆ ಹೋದವು, ಗದ್ದ ಮೂಗಿನ ಹತ್ತಿರ ಬಂತು. ಆ ಮುಖದಲ್ಲೇ ಬೇಳೆಯಲ್ಲಿ ರೊಟ್ಟಿ ನೆನೆಸಿಕೊಂಡು, "ಬೀಗರು ಈಗ ನೋಡಿದ್ರ ಓಡಿ ಹೋಗ್ತಿದ್ರು" ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಮುತ್ಯಾನ ನೆನಪಿಗೂ ಅದು ನಿಲ್ಲುತ್ತಿರಲಿಲ್ಲ. ಅವಳೂ ನಕ್ಕಳು, ಹಲ್ಲಿಲ್ಲದ ಬಾಯಿಂದ ಬೋರಿಂಗ್ ಕಟ್ಟೆಯ ಅದೇ ನಗು ಹೊರಬಂತು. ನಗುತ್ತಲೇ ಇದ್ದವಳು ಇದ್ದಕ್ಕಿದ್ದಂತೆ ಕೈ ತೊಳೆದುಕೊಂಡು ನನ್ನ ಗದ್ದ ಹಿಡಿದಳು.

"ಬಾಯಿ ತೆಗಿ ಬೇ."

"ಯಾಕ?"

"ತೆಗಿ ಅಂದ್ರ. ನೋಡ್ತೇನಿ."

ಬಾಗಿಲ ಬೆಳಕಿಗೆ ನನ್ನ ಮುಖ ತಿರುಗಿಸಿ, ಕಣ್ಣು ಕಿರಿದು ಮಾಡಿ, ಒಂದೊಂದನ್ನೇ ನೋಡಿದಳು. ಜೀವಮಾನವಿಡೀ ಮುಚ್ಚಿಕೊಂಡದ್ದನ್ನು ಯಾರೋ ಹಾಗೆ ಆಸೆಯಿಂದ ನೋಡುವುದೆಂದರೆ ಏನೆಂದು ಹೇಗೆ ಹೇಳಲಿ? ಮೇಲಿನ ಸಾಲಿನ ನಡುವಿನ ಹಲ್ಲಿನ ಮೇಲೆ ಬೆರಳಿಟ್ಟಳು. "ಇದು. ನಂದೂ ಬರೋಬ್ಬರಿ ಹಿಂಗ ಇತ್ತು. ಅಡ್ಡ ಪಟ್ಟಿ, ಬಾಜೂಕ ಬಿಳಿ ಚುಕ್ಕಿ." ಆಮೇಲೆ ಮೆಲ್ಲಗೆ ಹೇಳಿದಳು: "ಡಾಕ್ಟರು ನನ್ನ ಹಲ್ಲೆಲ್ಲ ಒಂದ ಡಬ್ಬಿಗೆ ಹಾಕಿದ್ರು. ಕೊಡ್ರಿ ಅಂತ ಕೇಳಾಕ ನಾಚಿಕಿ ಬಂತು. ಆ ಹಲ್ಲು ಹೋದ ಮ್ಯಾಲ ನಾ ಯಾವೂರಾಕಿ ಅಂತ ಯಾರೂ ಕೇಳಿಲ್ಲ ನೋಡು. ಮದಿವ್ಯಾಗ ನಿನ್ನೂ ಬಾಯಿ ಮುಚ್ಚಿಸಿದೆ."

ನಾನು ಬಾಯಿ ತೆರೆದೇ ಇದ್ದೆ. ಕಣ್ಣಲ್ಲಿ ನೀರು ಬಂತು, ಅವಳು ಸೆರಗಿನಿಂದ ಒರೆಸಿದಳು. ಎಲ್ಲ ತೆಗೆಸಬೇಕೆಂದಿದ್ದೇನೆ ಎಂದು ಆಮೇಲೆ ಹೇಳಿದಾಗ, "ನೋವಾದ್ರ ತೆಗಸು. ಬ್ಯಾಡ ಅನ್ನಾಕ ನಾ ಯಾರು?" ಎಂದಳು. ಸಂಜೆಯ ಬಸ್ಸಿಗೆ ಹೋದಳು. ಅವಳು ಹೋದ ಮೇಲೆ ಮನೆ ಮೊದಲಿಗಿಂತ ಖಾಲಿಯಾಯಿತು, ಅದೂ ನಿಜ. ಮರುದಿನ ಡಾಕ್ಟರಿಗೆ ಫೋನ್ ಮಾಡಿ ಈಗಲೇ ಬೇಡ ಎಂದೆ.

ಈ ಹೊತ್ತು ನೀರು ತುಂಬಿಟ್ಟು ಒಳಗೆ ಬಂದು, ನಿನ್ನೆಯ ರೊಟ್ಟಿ ಮುರಿದು ಬಾಯಿಗಿಟ್ಟೆ. ಕಟಕ್ ಎಂದಿತು. ನಾಲಿಗೆಯಿಂದ ತಡವಿ ನೋಡಿದೆ. ಮೇಲಿನದು, ನಡುವಿನದು, ಅಲುಗಾಡುತ್ತಿದೆ. ಡಾಕ್ಟರ ನಂಬರು ಬಿಟ್ಟು ಜಗದೇವಿಯದು ಒತ್ತಿ, ಒಂದು ಹಲ್ಲು ಅಲುಗಾಡುತ್ತಿದೆ ಎಂದೆ.

"ಯಾವ್ದು?" ಎಂದು ಕೇಳಿದಳು.

"ನೀ ಬೆರಳಿಟ್ಟಿದ್ದು."

ಆ ಕಡೆ ಅವಳು ಯಾರನ್ನೋ ಬಸ್ಸಿನ ವೇಳೆ ವಿಚಾರಿಸುವುದು ಕೇಳಿಸಿತು.

"ನಾಲಿಗಿ ಹಚ್ಚಬ್ಯಾಡ" ಎಂದಳು ಆಮೇಲೆ. "ನಾಳಿ ಮುಂಜಾನಿ ಬಸ್ಸಿಗೆ ಬರ್ತೇನಿ. ನಾ ಬರೂ ತನಕ ರೊಟ್ಟಿ ಕಡೀಬ್ಯಾಡ."